ಕಸುಬಿನ ಮಾತು ಅಚ್ಚಿಗೆ ಹೋಗಬೇಕಾದರೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ, ಆದರೆ ಹೆಚ್ಚಾಗಿ ಇತಿಹಾಸದ ಪುಸ್ತಕಗಳಲ್ಲಿ. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪುರಾತತ್ವ ತಜ್ಞರು ಇಲ್ಲಿ ನೆಲ ಅಗೆದಾಗ ಬೌದ್ಧ ಚೈತ್ಯದ ಅಡಿಪಾಯ ಕಂಡಿತು, ಮಣ್ಣಿನಲ್ಲಿ ಮಾಡಿದ ಪುಟ್ಟ ಪುಟ್ಟ ಹರಕೆಯ ಸ್ತೂಪಗಳು ಸಿಕ್ಕವು. ವಿದ್ವಾಂಸರು ಅದನ್ನು ಬರೆದಿಟ್ಟರು, ಊರಿನ ಹೆಸರು ಉಳಿಯಿತು. ಅದೇ ಊರಿನ ಆಸುಪಾಸಿನಲ್ಲಿ ಇವತ್ತು ನಡೆಯುತ್ತಿರುವ ಕೆಲಸ ಕಡಿಮೆಯದೇನಲ್ಲ. ಹಿಪ್ಪುನೇರಳೆ ಸೊಪ್ಪಿನ ತೋಟ, ರೇಷ್ಮೆ ಹುಳು ಮನೆ, ದೊಡ್ಡಬಳ್ಳಾಪುರದ ಪವರ್‌ಲೂಮ್‌ಗಳು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪುಗಳು, ದೇವನಹಳ್ಳಿ ಕಡೆಯ ದ್ರಾಕ್ಷಿ ಚಪ್ಪರ, ಚಕ್ಕೋತದ ಮರ. ಈ ಕೆಲಸಗಳ ಬಗ್ಗೆ ಅಚ್ಚಾದದ್ದನ್ನು ಹುಡುಕಿದರೆ, ಹೊರಗಿನವರು ಬಂದು ನೋಡಿಹೋಗಿ ಬರೆದದ್ದೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಮಗ್ಗದ ಮುಂದೆ ಇಪ್ಪತ್ತು ವರ್ಷ ನಿಂತವರು ತಾವೇ ಬರೆದದ್ದು ಅಪರೂಪ.

ಅವರನ್ನು ಕೇಳಿ ನೋಡಿ. "ಇದರಲ್ಲಿ ಬರೆಯೋಕೆ ಏನೈತೆ ಸಾರ್, ದಿನಾ ಮಾಡೋ ಕೆಲಸ ತಾನೆ" ಅನ್ನುತ್ತಾರೆ. ಕಸುಬಿನ ಪತ್ರಿಕೆಯ ಸಂಪಾದಕರಿಗೆ ಬೇಕಾದದ್ದು ಆ ದಿನಾ ಮಾಡುವ ಕೆಲಸವೇ. ಬರೆಯುವ ಕಲೆ ಗೊತ್ತಿದ್ದು ಕೆಲಸ ಗೊತ್ತಿಲ್ಲದವರ ಲೇಖನಗಳು ಅವರ ಮೇಜಿನ ಮೇಲೆ ಬೇಕಾದಷ್ಟು ಇರುತ್ತವೆ. ಕೆಲಸ ಗೊತ್ತಿದ್ದು ಬರೆಯಲು ಹಿಂಜರಿಯುವವರಿಗಾಗಿ ಈ ಲೇಖನ.

ಕಸುಬಿನ ಪತ್ರಿಕೆ ಅಂದರೆ ಆ ಕಸುಬಿನವರೇ ಓದುವ ಪತ್ರಿಕೆ. ದಿನಪತ್ರಿಕೆಯ ವಾಣಿಜ್ಯ ಪುಟವನ್ನು ಯಾರು ಬೇಕಾದರೂ ಓದುತ್ತಾರೆ, ಅಲ್ಲಿ ರೇಷ್ಮೆ ಗೂಡು ಅಂದರೇನು ಎಂಬುದರಿಂದ ಶುರು ಮಾಡಬೇಕಾಗುತ್ತದೆ. ಕಸುಬಿನ ಪತ್ರಿಕೆಯಲ್ಲಿ ಹಾಗೆ ಶುರು ಮಾಡಿದರೆ ಓದುಗ ಪುಟ ತಿರುಗಿಸುತ್ತಾನೆ. ಈ ಬಗೆಯ ಪತ್ರಿಕೆಗಳಿಗೆ ನಮ್ಮ ದೇಶದಲ್ಲಿ ಹಳೆಯ ಚರಿತ್ರೆಯಿದೆ. ಮುಂಬಯಿಯ 'ಇಂಡಿಯನ್ ಟೆಕ್ಸ್‌ಟೈಲ್ ಜರ್ನಲ್' ಶುರುವಾದದ್ದು 1890ರಲ್ಲಿ. ರೇಷ್ಮೆಯವರಿಗೆ 'ಇಂಡಿಯನ್ ಸಿಲ್ಕ್' ಇದೆ. ಅದನ್ನು ಹೊರತರುವ ಕೇಂದ್ರ ರೇಷ್ಮೆ ಮಂಡಳಿ 1948ರ ಕಾಯ್ದೆಯಡಿ ಹುಟ್ಟಿದ್ದು, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಇವಲ್ಲದೆ ಕೃಷಿ ವಿಶ್ವವಿದ್ಯಾಲಯಗಳ ಕನ್ನಡ ಪತ್ರಿಕೆಗಳು, ಕೈಗಾರಿಕಾ ಸಂಘಗಳು ಸದಸ್ಯರಿಗೆ ಕಳಿಸುವ ಸಂಚಿಕೆಗಳು, ಯಂತ್ರೋಪಕರಣ, ಪ್ಯಾಕಿಂಗ್, ಹೈನುಗಾರಿಕೆಯಂಥ ಒಂದೊಂದೇ ವಿಷಯ ಹಿಡಿದು ನಡೆಯುವ ಮಾಸಿಕಗಳು ಇವೆ.

ಕನ್ನಡದಲ್ಲಿ ಈ ಕೆಲಸ ಹೇಗೆ ಆಗಬಹುದು ಎಂದು ನೋಡಬೇಕಾದರೆ ಪುತ್ತೂರಿನ 'ಅಡಿಕೆ ಪತ್ರಿಕೆ'ಯನ್ನು ನೋಡಬೇಕು. 1988ರಿಂದ ಬರುತ್ತಿರುವ ಮಾಸಿಕ. ಅದನ್ನು ಕಟ್ಟಿ ಬೆಳೆಸಿದ ಶ್ರೀಪಡ್ರೆ ಕಾಸರಗೋಡು ಜಿಲ್ಲೆಯ ವಾಣಿನಗರದವರು, ಸ್ವತಃ ಕೃಷಿಕರು. 'ಕೃಷಿಕರ ಕೈಗೆ ಲೇಖನಿ' ಎಂಬುದು ಆ ಪತ್ರಿಕೆಯ ನಿಲುವು. ಇದು ಬರಿಯ ಘೋಷಣೆಯಾಗಿ ಉಳಿಯಲಿಲ್ಲ, ರೈತರಿಗೆ ಬರವಣಿಗೆಯ ಶಿಬಿರಗಳನ್ನು ನಡೆಸಿ ಅವರಿಂದಲೇ ಬರೆಸಿದರು. ತೋಟಕ್ಕೆ ಹೋಗಿ ನೋಡದೆ ಬರೆಯಬಾರದು, ಯಶಸ್ಸಿನ ಜೊತೆ ಸೋಲನ್ನೂ ಬರೆಯಬೇಕು, ಓದಿದವನಿಗೆ ನಾಳೆ ಬೆಳಿಗ್ಗೆ ತನ್ನ ತೋಟದಲ್ಲಿ ಮಾಡಿ ನೋಡುವಷ್ಟು ವಿವರ ಸಿಗಬೇಕು. ಆ ಪತ್ರಿಕೆಯ ಲೇಖನಗಳನ್ನು ಓದಿದವರಿಗೆ ಈ ಶಿಸ್ತು ತಾನಾಗಿ ತಿಳಿಯುತ್ತದೆ. ಹೆಸರು ಅಡಿಕೆಯದಾದರೂ ಹಲಸಿನ ಮೌಲ್ಯವರ್ಧನೆ, ಮಳೆನೀರು ಕೊಯ್ಲು, ಸಣ್ಣ ಯಂತ್ರಗಳು ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. 2021ರಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದ ಹೊತ್ತಿನಲ್ಲಿ ಬಾಳೆಕಾಯಿ ಹುಡಿ ಮಾಡುವುದನ್ನು ಆ ಪತ್ರಿಕೆ ಹುರಿದುಂಬಿಸಿತು. 'ಬಾಕಾಹು' ಎಂಬ ಚಿಕ್ಕ ಹೆಸರಿನಲ್ಲಿ ಅದು ಮನೆಮನೆಗೆ ಹರಡಿತು, ಕೆಲವರಿಗೆ ಗೃಹೋದ್ಯಮವೂ ಆಯಿತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡಬಲ್ಲ ಹಾಗೆ ಬರೆದರೆ ಇಷ್ಟು ದೂರ ಹೋಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಸಾಧ್ಯವಾದದ್ದು ದೊಡ್ಡಬಳ್ಳಾಪುರದ ನೇಕಾರರಿಗೆ, ರಾಜಘಟ್ಟದ ರೇಷ್ಮೆ ಬೆಳೆಗಾರರಿಗೆ ಯಾಕೆ ಸಾಧ್ಯವಾಗಬಾರದು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಯಾವುದನ್ನು ಬರೆಯಬೇಕು

'ರೇಷ್ಮೆ ಕೃಷಿಯ ಸವಾಲುಗಳು' ಎಂದು ಬರೆಯಬೇಡಿ. 'ಜವಳಿ ಉದ್ಯಮದ ಭವಿಷ್ಯ' ಎಂದೂ ಬೇಡ. ಅದನ್ನು ದೆಹಲಿಯಲ್ಲಿ ಕುಳಿತವರೂ ಬರೆಯಬಲ್ಲರು, ಬರೆಯುತ್ತಲೂ ಇದ್ದಾರೆ. ನಿಮ್ಮ ಜಾಗದಲ್ಲಿ ನಿಂತು ನೀವು ಮಾತ್ರ ಹೇಳಬಲ್ಲ ಒಂದೇ ಒಂದು ಸಂಗತಿಯನ್ನು ಹಿಡಿಯಿರಿ.

ಊಜಿ ನೊಣವನ್ನೇ ತೆಗೆದುಕೊಳ್ಳಿ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ಪೀಡೆಯ ಕಾಟ ಎಲ್ಲ ರೇಷ್ಮೆ ಬೆಳೆಗಾರರಿಗೂ ಗೊತ್ತು. ಕಿಟಕಿಗೆ ನೈಲಾನ್ ಪರದೆ ಹಾಕಬೇಕೆಂಬುದೂ ಗೊತ್ತು. ಹಾಗಾಗಿ ಅದು ಸುದ್ದಿಯಲ್ಲ. ಆದರೆ ನೀವು ಹುಳು ಮನೆಯ ಬಾಗಿಲಿಗೆ ಎರಡು ಪರದೆ ಮಾಡಿಸಿ, ನಡುವೆ ಒಬ್ಬರು ಸೊಪ್ಪಿನ ಹೊರೆ ಹೊತ್ತು ನಿಲ್ಲುವಷ್ಟು ಜಾಗ ಬಿಟ್ಟಿದ್ದೀರಿ ಎನ್ನೋಣ. ಮೊದಲ ಪರದೆ ಮುಚ್ಚಿದ ಮೇಲಷ್ಟೇ ಎರಡನೆಯದನ್ನು ತೆರೆಯುತ್ತೀರಿ. ಅದರಿಂದ ಏನಾಯಿತು? ಕಟ್ಟಿಸಲು ಎಷ್ಟು ಖರ್ಚಾಯಿತು? ಸೊಪ್ಪು ಹಾಕುವ ಆಳುಗಳು ಅದಕ್ಕೆ ಒಗ್ಗಿಕೊಂಡರೇ, ಬೇಸರಪಟ್ಟರೇ? ಮೂರು ಬೆಳೆ ಹಿಂದಿನ ಲೆಕ್ಕ, ಮೂರು ಬೆಳೆ ಆಮೇಲಿನ ಲೆಕ್ಕ ಇದೆಯೇ? ಇದ್ದರೆ ಲೇಖನ ಮುಕ್ಕಾಲು ಪಾಲು ಮುಗಿಯಿತು.

ಲೆಕ್ಕವೇ ಈ ಬರವಣಿಗೆಯ ಜೀವ. 'ಇಳುವರಿ ತುಂಬಾ ಚೆನ್ನಾಗಿ ಬಂತು' ಎಂಬ ಮಾತು ಕಸುಬುದಾರನಿಗೆ ಏನನ್ನೂ ಹೇಳುವುದಿಲ್ಲ. ನೂರು ಮೊಟ್ಟೆಗೆ ಎಷ್ಟು ಕೆಜಿ ಗೂಡು, ಯಾವ ತಳಿ, ಯಾವ ತಿಂಗಳ ಬೆಳೆ, ಯಾವ ಮಾರುಕಟ್ಟೆಯಲ್ಲಿ ಏನು ದರ ಸಿಕ್ಕಿತು, ಇದು ಬೇಕು. ನೂಲು ಬಿಚ್ಚುವವರಾದರೆ ಎಷ್ಟು ಕೆಜಿ ಗೂಡಿಗೆ ಒಂದು ಕೆಜಿ ರೇಷ್ಮೆ ಬಂತು ಎಂಬ ರೆಂಡಿಟ ಹೇಳದೆ ಮುಂದೆ ಹೋಗುವಂತಿಲ್ಲ. ನೇಕಾರರಾದರೆ ನೂಲಿನ ಡೆನಿಯರ್, ಹಾಸಿನ ಎಳೆಗಳೆಷ್ಟು, ದಿನಕ್ಕೆ ಎಷ್ಟು ಮೀಟರ್, ಎಳೆ ಎಷ್ಟು ಸಲ ಕಡಿಯಿತು, ಕರೆಂಟು ಎಷ್ಟು ಹೊತ್ತು ಹೋಯಿತು. ದರ ಬರೆದಾಗ ತಿಂಗಳು, ವರ್ಷ ತಪ್ಪದೆ ಬರೆಯಿರಿ. ನೀವು ಬರೆಯುವ ದಿನಕ್ಕೂ ಅಚ್ಚಾಗುವ ದಿನಕ್ಕೂ ನಡುವೆ ಗೂಡಿನ ದರ ಎಲ್ಲಿಗೆ ಹೋಗಿರುತ್ತದೋ ಯಾರೂ ಹೇಳಲಾರರು.

ಇದಕ್ಕೆಲ್ಲ ಒಂದು ನೋಟ್‌ಬುಕ್ ಸಾಕು. ಬರೆಯುವ ಯೋಚನೆ ಬರುವ ಮೊದಲೇ ಅದು ಇರಬೇಕು, ಏಕೆಂದರೆ ನೆನಪಿನಿಂದ ಬರೆದ ಅಂಕಿ ಯಾವಾಗಲೂ ಬರೆಯುವವನ ಕಡೆಗೆ ವಾಲುತ್ತದೆ. ಹಳೆಯ ಪದ್ಧತಿ, ಹೊಸ ಪದ್ಧತಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೆ ಇನ್ನೂ ಒಳ್ಳೆಯದು. ಒಂದು ಮಗ್ಗಕ್ಕೆ ಮಾತ್ರ ಬದಲಾವಣೆ ಮಾಡಿ ಪಕ್ಕದ್ದನ್ನು ಹಾಗೇ ಬಿಟ್ಟವರ ಮಾತಿಗೆ ತೂಕ ಹೆಚ್ಚು.

ಕೈಸುಟ್ಟ ಪ್ರಯೋಗಗಳೂ ಒಳ್ಳೆಯ ಲೇಖನಗಳಾಗುತ್ತವೆ. ಯಂತ್ರ ಕೊಂಡು ಮೂಲೆಗೆ ಸೇರಿಸಿದ್ದು, ಹೊಸ ತಳಿ ಹಾಕಿ ಬೆಳೆ ಕಳೆದುಕೊಂಡದ್ದು, ಕಾರಣ ಹುಡುಕಿ ಬರೆದರೆ ಅದನ್ನು ಓದಿದ ಇನ್ನೊಬ್ಬರ ಬಂಡವಾಳ ಉಳಿಯುತ್ತದೆ. ಯಶೋಗಾಥೆಗಳು ಪತ್ರಿಕೆಗಳಲ್ಲಿ ಬೇಕಾದಷ್ಟಿವೆ.

ಔಷಧಿ, ರಾಸಾಯನಿಕ, ಬಣ್ಣದ ಪ್ರಮಾಣ ಬರೆಯುವಾಗ ಮಾತ್ರ ಎರಡು ಪಟ್ಟು ಎಚ್ಚರ ಬೇಕು. ಸೊಪ್ಪಿಗೆ ಹೊಡೆಯುವ ಔಷಧಿಯ ಪ್ರಮಾಣದಲ್ಲಿ ಒಂದು ಚುಕ್ಕಿ ಆಚೀಚೆ ಆದರೆ, ಹೊಡೆದ ಮೇಲೆ ಎಷ್ಟು ದಿನ ಸೊಪ್ಪು ಹಾಕಬಾರದು ಎಂಬುದು ಬಿಟ್ಟುಹೋದರೆ, ಓದಿ ಅನುಸರಿಸಿದವನ ಹುಳು ಮನೆಯೇ ಖಾಲಿಯಾಗುತ್ತದೆ. ಹಳೆಯ ಕೈಪಿಡಿಗಳಲ್ಲಿರುವ ಕೆಲವು ಕೀಟನಾಶಕಗಳು ಈಗ ನಿಷೇಧಿತ. ಇಂಥ ಭಾಗವನ್ನು ಬಲ್ಲವರಿಗೆ ತೋರಿಸಿಯೇ ಕಳಿಸಬೇಕು. ರಾಜಘಟ್ಟದವರಿಗೆ ದೂರ ಹೋಗುವ ಕೆಲಸವಿಲ್ಲ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇದೇ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿದೆ. ದ್ರಾಕ್ಷಿ, ಹೂವು, ತರಕಾರಿಯ ಮಾತಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ನೋಡಿಕೊಟ್ಟ ವಿಜ್ಞಾನಿಯ ಹೆಸರನ್ನು ಕೃತಜ್ಞತೆಯಿಂದ ನಮೂದಿಸಿ. ಲೇಖಕರ ಜಾಗದಲ್ಲಿ ಕೆಲಸ ಮಾಡಿದವರ ಹೆಸರೇ ಇರಲಿ.

ಸಂಪಾದಕರಿಗೆ ಮೊದಲ ಪತ್ರ

ಪೂರ್ತಿ ಲೇಖನ ಬರೆದು ಅಂಚೆಗೆ ಹಾಕುವ ಮೊದಲು, ಆ ಪತ್ರಿಕೆಯ ಇತ್ತೀಚಿನ ಮೂರು ನಾಲ್ಕು ಸಂಚಿಕೆಗಳನ್ನು ಕೂತು ಓದಬೇಕು. ಲೇಖನಗಳು ಎಷ್ಟುದ್ದ ಇವೆ? ಕಸುಬುದಾರರು ಬರೆದದ್ದು ಇದೆಯೇ, ಬರೀ ಅಧಿಕಾರಿಗಳದ್ದೇ? ನಿಮ್ಮ ವಿಷಯ ಹೋದ ವರ್ಷವೇ ಬಂದುಬಿಟ್ಟಿದೆಯೇ? ಪತ್ರಿಕೆಯಲ್ಲಿ ಎಲ್ಲೋ ಒಂದು ಕಡೆ ಸಣ್ಣ ಅಕ್ಷರದಲ್ಲಿ ಸಂಪಾದಕರು, ಮುದ್ರಕರು, ಪ್ರಕಾಶಕರ ಹೆಸರು, ವಿಳಾಸ ಇರುತ್ತದೆ. ಅದನ್ನು ಬರೆದುಕೊಳ್ಳಿ. 1867ರಷ್ಟು ಹಳೆಯ ಪತ್ರಿಕಾ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಿಂದ ನಿಯತಕಾಲಿಕೆಗಳ ಹೊಸ ನೋಂದಣಿ ಕಾಯ್ದೆ ಬಂದಿದೆ. ನೋಂದಣಿಯ ವಿವರವಾಗಲಿ ಸಂಪಾದಕರ ಹೆಸರಾಗಲಿ ಎಲ್ಲೂ ಕಾಣದ 'ಪತ್ರಿಕೆ'ಯವರು ಲೇಖನ ಹಾಕಲು ಪುಟಕ್ಕೆ ಇಷ್ಟು ಹಣ ಕೊಡಿ ಎಂದರೆ ದೂರವಿರಿ. ಹಣ ಕೊಟ್ಟು ಹಾಕಿಸುವುದು ಜಾಹೀರಾತು. ಅದನ್ನು ಜಾಹೀರಾತೆಂದೇ ಹಾಕಿಸಬಹುದು, ತಪ್ಪಿಲ್ಲ. ಲೇಖನದ ವೇಷದಲ್ಲಿ ಬೇಡ.

ಆಮೇಲೆ ಒಂದು ಪುಟ ಮೀರದ ಪತ್ರ. ರಾಜಘಟ್ಟದ ನೇಕಾರರೊಬ್ಬರು ಬರೆಯುತ್ತಿದ್ದಾರೆಂದು ಕಲ್ಪಿಸಿಕೊಂಡರೆ ಅದು ಹೀಗಿರಬಹುದು:

"ಮಾನ್ಯ ಸಂಪಾದಕರೇ, ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ನನಗೆ ನಾಲ್ಕು ಪವರ್‌ಲೂಮ್‌ಗಳಿವೆ. ಕಳೆದ ವರ್ಷ ಎರಡು ಮಗ್ಗಗಳಿಗೆ ರಟ್ಟಿನ ಕಾರ್ಡಿನ ಜಕಾರ್ಡ್ ತೆಗೆದು ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿದೆ. ಇನ್ನೆರಡನ್ನು ಹಾಗೇ ಬಿಟ್ಟಿದ್ದೇನೆ. ಒಂದೇ ಸೂರಿನಡಿ, ಒಂದೇ ನೂಲಿನಲ್ಲಿ ಎರಡೂ ಓಡುತ್ತಿರುವುದರಿಂದ ಡಿಸೈನ್ ಬದಲಿಸಲು ಹಿಡಿಯುವ ಹೊತ್ತು, ಎಳೆ ಕಡಿತ, ರಿಪೇರಿ ಖರ್ಚು ಇವನ್ನು ಹೋಲಿಸಿ ಲೆಕ್ಕ ಇಟ್ಟಿದ್ದೇನೆ. ಹಾಕಿದ ದುಡ್ಡು ವಾಪಸು ಬರಲು ನಾನು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತಿದೆ. ಅದಕ್ಕೆ ಕಾರಣವನ್ನೂ ಬರೆಯುತ್ತೇನೆ. ಸುಮಾರು 1,200 ಪದಗಳ ಲೇಖನ, ಆರು ಫೋಟೋ, ಖರ್ಚಿನ ಒಂದು ಪಟ್ಟಿ ಕೊಡಬಲ್ಲೆ. ಈ ಯಂತ್ರ ಮಾರುವವರ ಜೊತೆ ನನಗೆ ಬೇರೆ ವ್ಯವಹಾರವಿಲ್ಲ. ಇದನ್ನು ಬೇರೆ ಯಾವ ಪತ್ರಿಕೆಗೂ ಕಳಿಸಿಲ್ಲ."

ಇಷ್ಟೇ ಸಾಕು. ಯಾರು, ಎಲ್ಲಿ, ಏನು ಮಾಡಿದರು, ಏನು ಲೆಕ್ಕವಿದೆ, ಓದುಗರಿಗೆ ಏನು ಸಿಗುತ್ತದೆ, ಎಲ್ಲವೂ ಬಂತು. ಕೊನೆಯ ಎರಡು ವಾಕ್ಯಗಳನ್ನು ಬಹಳ ಜನ ಬರೆಯುವುದೇ ಇಲ್ಲ, ಆದರೆ ಸಂಪಾದಕರ ನಂಬಿಕೆ ಗಟ್ಟಿಯಾಗುವುದು ಅಲ್ಲೇ. ಯಂತ್ರ ಮಾರುವವರು ನಿಮ್ಮ ನೆಂಟರಾಗಿದ್ದರೆ, ನೀವೇ ಆ ಸರಕಿನ ಏಜೆಂಟರಾಗಿದ್ದರೆ, ಅದನ್ನೂ ಬರೆಯಿರಿ. ಹಾಗೆಂದ ಮಾತ್ರಕ್ಕೆ ಲೇಖನ ತಿರಸ್ಕಾರವಾಗುವುದಿಲ್ಲ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಆ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ಕಾಲದ ಲೆಕ್ಕವೂ ಮುಖ್ಯ. ಮಾಸಿಕವೊಂದರ ಸಂಚಿಕೆಗೆ ಏನೇನು ಎಂಬುದು ಎರಡು ಮೂರು ತಿಂಗಳ ಮೊದಲೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಸೀರೆ ವ್ಯಾಪಾರದ ಮೇಲೆ ಬರೆಯುವುದಿದ್ದರೆ ಆಷಾಢದಲ್ಲಿ ಕಳಿಸಿದರೆ ಆಗದು, ಯುಗಾದಿ ಕಳೆಯುತ್ತಿದ್ದಂತೆ ಪತ್ರ ಹೋಗಿರಬೇಕು. ಉತ್ತರಕ್ಕೆ ಮೂರು ನಾಲ್ಕು ವಾರ ಕಾಯಿರಿ, ಆಮೇಲೆ ಒಂದು ಸಲ ವಿನಯದಿಂದ ನೆನಪಿಸಿ. ಆಗಲೂ ಉತ್ತರವಿಲ್ಲದಿದ್ದರೆ 'ಬೇರೆ ಕಡೆ ಕಳಿಸುತ್ತಿದ್ದೇನೆ' ಎಂದು ತಿಳಿಸಿ ಬೇರೆ ಕಡೆ ಕಳಿಸಿ. ಒಂದೇ ಲೇಖನವನ್ನು ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಕಳಿಸಬಾರದು.

ಬರೆಯುವಾಗ ಸುತ್ತಿ ಬಳಸಬೇಡಿ. ಏನು ತೊಂದರೆ ಇತ್ತು, ಏನು ಮಾಡಿದಿರಿ, ಏನಾಯಿತು, ಎಷ್ಟು ಖರ್ಚು, ಇನ್ನೂ ಏನು ಬಗೆಹರಿದಿಲ್ಲ. ಮಗ್ಗದ ಮನೆಗೆ ಬಂದ ಬೇರೆ ಊರಿನ ನೇಕಾರರಿಗೆ ನೀವು ಹೇಗೆ ವಿವರಿಸುತ್ತೀರೋ ಹಾಗೆ ಬರೆದರೆ ಸಾಕು. ಲಾಳಿ, ಹಾಸು, ಹೊಕ್ಕು, ಹುರಿ, ಚಂದ್ರಿಕೆ, ಚಾಕಿ, ನೀವು ಆಡುವ ಮಾತನ್ನೇ ಬಳಸಿ. ದೊಡ್ಡ ಮಾತುಗಳ ಪೀಠಿಕೆ ಬೇಡ. ಇಂಗ್ಲಿಷ್ ಪತ್ರಿಕೆಗೆ ಕಳಿಸುವುದಿದ್ದರೂ ಮೊದಲು ಕನ್ನಡದಲ್ಲೇ ಬರೆಯಿರಿ. ಅನುವಾದವನ್ನು ಇಂಗ್ಲಿಷ್ ಬಲ್ಲವರು ಮಾಡಲಿ, ಕಸುಬು ಬಲ್ಲವರೊಬ್ಬರು ಅದನ್ನು ಸಾಲು ಸಾಲಾಗಿ ನೋಡಲಿ.

ಟೈಪ್ ಮಾಡಿ ಕಳಿಸುವುದಾದರೆ ಯೂನಿಕೋಡ್‌ನಲ್ಲಿ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲಾಗದ ಗೀಚಾಗಿ ಕಾಣುತ್ತದೆ. ಮೊಬೈಲಿನಲ್ಲಿ ಬರೆದದ್ದು ಸಾಮಾನ್ಯವಾಗಿ ಯೂನಿಕೋಡ್ ಆಗಿಯೇ ಇರುತ್ತದೆ. ಟೈಪ್ ಬರದಿದ್ದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬಿಡಿಸಿ ಬರೆದು ಕಳಿಸಬಹುದೇ ಎಂದು ಕೇಳಿ. ಕನ್ನಡ ಪತ್ರಿಕೆಯಾದರೆ ಒಪ್ಪುವ ಸಾಧ್ಯತೆ ಹೆಚ್ಚು.

ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ. ಇಮೇಲ್‌ನಲ್ಲಿ ಮೂಲ ಕಡತವನ್ನೇ ಕಳಿಸಿ. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು, ಅಂದರೆ ಆರಿಂಚು ಅಗಲದ ಚಿತ್ರಕ್ಕೆ 1,800 ಪಿಕ್ಸೆಲ್. ಈಗಿನ ಬಹುತೇಕ ಮೊಬೈಲುಗಳ ಮೂಲ ಫೋಟೋ ಇದಕ್ಕಿಂತ ದೊಡ್ಡದು. ನೀವು ಶಾಲು ಹೊದ್ದು ನಿಂತ ಚಿತ್ರಕ್ಕಿಂತ ಆ ಬಾಗಿಲ ಪರದೆಯ ಚಿತ್ರ, ಕಡಿದ ಎಳೆಯ ಚಿತ್ರ ಬೇಕು. ಪ್ರತಿ ಫೋಟೋಗೂ ಒಂದು ಸಾಲಿನ ವಿವರ, ತೆಗೆದವರ ಹೆಸರು ಬರೆಯಿರಿ. ಚಿತ್ರದಲ್ಲಿರುವ ಕೆಲಸಗಾರರನ್ನು ಕೇಳಿ ಒಪ್ಪಿಗೆ ಪಡೆಯಿರಿ.

ಅಚ್ಚಾಗುವ ಮೊದಲು ಯೋಚಿಸಬೇಕಾದ್ದು

ಇಲ್ಲಿ ನೇಕಾರರು ಸ್ವಲ್ಪ ನಿಂತು ಓದಬೇಕೆಂದು ನನ್ನ ಕೋರಿಕೆ. ಹೊಸ ಅಂಚಿನ ಡಿಸೈನ್ ಮಾಡಿದ್ದೀರಿ, ಅದರ ಫೋಟೋ ಲೇಖನದ ಜೊತೆ ಅಚ್ಚಾಯಿತು ಎಂದುಕೊಳ್ಳಿ. 2000ದ ವಿನ್ಯಾಸಗಳ ಕಾಯ್ದೆಯ ಪ್ರಕಾರ, ಅರ್ಜಿ ಹಾಕುವ ಮೊದಲೇ ಎಲ್ಲಾದರೂ ಪ್ರಕಟವಾದ ವಿನ್ಯಾಸವನ್ನು ನೋಂದಾಯಿಸಲು ಬರುವುದಿಲ್ಲ. ಪ್ರಕಟಿಸಿದವರು ನೀವೇ ಆದರೂ ಅಷ್ಟೇ. ಅರ್ಜಿ ಮೊದಲು ಹಾಕಿ, ಲೇಖನ ಆಮೇಲೆ ಕಳಿಸಿ. ನೋಂದಣಿಯಾದರೆ ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ ಆ ವಿನ್ಯಾಸ ನಿಮ್ಮದು. ನೀವೇ ಕಂಡುಹಿಡಿದ ಯಂತ್ರದ ಭಾಗಕ್ಕೆ ಪೇಟೆಂಟ್ ಪಡೆಯುವ ಆಸೆ ಇದ್ದರೂ ಇದೇ ಎಚ್ಚರ ಬೇಕು. ಅಚ್ಚಾದ ಮೇಲೆ ಅದು ಹೊಸದೆಂದು ವಾದಿಸುವುದು ಬಹಳ ಕಷ್ಟ. ಸರಕು ಕೊಳ್ಳುವವರ ಹೆಸರು, ಅವರು ಕೊಡುವ ದರ, ಮಾಲೀಕರ ಘಟಕದ ಒಳಲೆಕ್ಕ, ಇವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಬರೆಯಬಾರದು. ನೀವು ಕೆಲಸಕ್ಕಿರುವ ಕಾರ್ಖಾನೆಯ ಬಗ್ಗೆ ಬರೆಯುವುದಾದರೆ ಮೊದಲು ಅಲ್ಲಿನವರನ್ನು ಕೇಳಬೇಕು.

ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಪತ್ರಿಕೆಯ ನೌಕರರಲ್ಲದವರು ಬರೆದು ಕಳಿಸಿದ ಲೇಖನದ ಮೊದಲ ಒಡೆತನ ಬರೆದವರದ್ದೇ. ಹಕ್ಕು ಬಿಟ್ಟುಕೊಡಬೇಕಾದರೆ ಸಹಿ ಹಾಕಿದ ಬರಹ ಬೇಕು, ಬಾಯಿಮಾತು ಸಾಲದು. ಎಷ್ಟು ಕಾಲಕ್ಕೆ ಎಂದು ಅದರಲ್ಲಿ ಬರೆಯದಿದ್ದರೆ ಐದು ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಅರ್ಥ ಮಾಡುತ್ತದೆ. ಪತ್ರಿಕೆಯವರು ಕಳಿಸುವ ಒಪ್ಪಿಗೆ ಪತ್ರವನ್ನು ಓದಿ ಸಹಿ ಹಾಕಿ. 'ಮೊದಲ ಪ್ರಕಟಣೆಯ ಹಕ್ಕು ಮಾತ್ರ' ಎಂದು ಬರೆದರೆ ನಾಳೆ ನಿಮ್ಮ ಲೇಖನಗಳನ್ನು ಸೇರಿಸಿ ಪುಸ್ತಕ ಮಾಡಲು ತೊಡಕಿರುವುದಿಲ್ಲ. ಸಂಭಾವನೆ ಇದೆಯೇ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಸಂಘಗಳ ಪತ್ರಿಕೆಗಳಲ್ಲಿ ಬಹುಶಃ ಇರಲಾರದು, ಗೌರವ ಪ್ರತಿಗಳು ಸಿಗಬಹುದು.

ಲೇಖನ ಒಪ್ಪಿಗೆಯಾದ ಮೇಲೆ ಸಂಪಾದಕರು ಕತ್ತರಿಸುತ್ತಾರೆ, ತಲೆಬರಹ ಬದಲಿಸುತ್ತಾರೆ. ವಾಕ್ಯ ಹೋದದ್ದಕ್ಕೆ ಬೇಸರ ಬೇಡ. ಅಂಕಿಗಳು ಮಾತ್ರ ಹಾಗಲ್ಲ. ಅಚ್ಚಿಗೆ ಹೋಗುವ ಮೊದಲು ಪುಟದ ಕರಡನ್ನು ಒಮ್ಮೆ ತೋರಿಸಿ ಎಂದು ಕೇಳಿ, ಕಳಿಸಿದರೆ ಅದೇ ದಿನ ನೋಡಿ ಕೊಡಿ. ಡೆನಿಯರ್, ಕೆಜಿ, ದರ, ಔಷಧಿಯ ಪ್ರಮಾಣ, ಇವನ್ನು ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಬೇಕು.

ಅಚ್ಚಾದ ಮೇಲೆ ಫೋನುಗಳು ಬರುತ್ತವೆ. ಶಿಡ್ಲಘಟ್ಟದಿಂದ, ರಾಮನಗರದಿಂದ, ಇಳಕಲ್‌ನಿಂದ ಯಾರೋ ಕರೆದು 'ನೀವು ಬರೆದದ್ದು ನಮ್ಮಲ್ಲಿ ಕೆಲಸ ಮಾಡಲಿಲ್ಲ' ಎನ್ನಬಹುದು. ಯಾಕೆ ಆಗಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಅವರ ನೀರು ಬೇರೆ, ನೂಲು ಬೇರೆ ಇರಬಹುದು. ಎರಡನೆಯ ಲೇಖನಕ್ಕೆ ಸರಕು ಅಲ್ಲೇ ಇರುತ್ತದೆ. ಪ್ರಮಾಣದಲ್ಲಿ ತಪ್ಪು ಅಚ್ಚಾದದ್ದು ಕಂಡರೆ ಅದೇ ದಿನ ಸಂಪಾದಕರಿಗೆ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸಿ. ಅಲ್ಲಿಯವರೆಗೆ ಕರೆ ಮಾಡಿದ ಪ್ರತಿಯೊಬ್ಬರಿಗೂ ಸರಿಯಾದ ಅಂಕಿಯನ್ನು ನೀವೇ ಹೇಳುತ್ತಿರಿ.